ಕಕ್ಕ ತಡೆಯುವ ಮಕ್ಕಳು, ತಪ್ಪು ಓದುವ ದೊಡ್ಡವರು

ಮೂರು ವರ್ಷದ ಮಗು ಆಟ ಬಿಟ್ಟು ಸೋಫಾದ ಹಿಂದೆ ಹೋಗಿ ನಿಲ್ಲುತ್ತದೆ. ತುದಿಗಾಲ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದು, ಮೈ ಸೆಟೆದು ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ‘ಪಾಪ, ಎಷ್ಟು ತಿಣುಕ್ತಾ ಇದೆ, ಬರ್ತಾನೇ ಇಲ್ಲ’ ಎಂದು ಅಜ್ಜಿ ಮರುಗುತ್ತಾರೆ. ವೈದ್ಯರ ಮುಂದೆಯೂ ಇದೇ ಮಾತು ಬರುತ್ತದೆ. ನಿಜಕ್ಕೂ ಮಗು ಮಾಡುತ್ತಿರುವುದು ತದ್ವಿರುದ್ಧದ ಕೆಲಸ. ಬರುತ್ತಿರುವುದನ್ನು ಇದ್ದಬದ್ದ ಬಲವೆಲ್ಲ ಹಾಕಿ ಒಳಗೇ ಹಿಡಿದಿಡುತ್ತಿದೆ.

ಮಕ್ಕಳ ಮಲಬದ್ಧತೆಯ ಸುತ್ತ ಮನೆಯಲ್ಲೂ ಶಾಲೆಯಲ್ಲೂ ಆಗುವ ಎಡವಟ್ಟುಗಳ ಬುಡದಲ್ಲಿ ಬಹುಪಾಲು ಇಂಥ ತಪ್ಪು ಓದೇ ಇರುತ್ತದೆ. ಈ ತೊಂದರೆಯಿರುವ ಮಕ್ಕಳಲ್ಲಿ ಸುಮಾರು ಶೇ 95ರಷ್ಟು ಮಂದಿಗೆ ಕರುಳಿನಲ್ಲಾಗಲೀ ನರದಲ್ಲಾಗಲೀ ಯಾವ ರೋಗವೂ ಇರುವುದಿಲ್ಲ. ಜ್ವರ ಬಂದು ಹೋದಾಗಲೋ, ಎದೆಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಹೊರಳಿದಾಗಲೋ ಒಮ್ಮೆ ಮಲ ಗಟ್ಟಿಯಾಗಿ, ಗುದದ್ವಾರ ಸೀಳಿ ಉರಿದಿರುತ್ತದೆ. ಮಗುವಿನ ಲೆಕ್ಕ ಸರಳ: ಕಕ್ಕ ಮಾಡಿದರೆ ನೋವು, ಮಾಡದಿದ್ದರೆ ನೋವಿಲ್ಲ. ತಡೆದಷ್ಟೂ ದೊಡ್ಡ ಕರುಳು ನೀರು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯೂ ದಪ್ಪವೂ ಆಗುತ್ತದೆ. ಮುಂದಿನ ಸಲ ನೋವು ಹೆಚ್ಚಾಗಿ, ಮಗು ತಾನು ಹೆದರಿದ್ದೇ ಸರಿ ಎಂದುಕೊಳ್ಳುತ್ತದೆ.

ತಿಂಗಳುಗಟ್ಟಲೆ ಹೀಗೇ ನಡೆದರೆ ಗುದನಾಳ ಹಿಗ್ಗಿ, ‘ಬಂತು’ ಎಂಬ ಸೂಚನೆಯೇ ಮಂಕಾಗುತ್ತದೆ. ಗಟ್ಟಿ ಮಲದ ಉಂಡೆಯ ಪಕ್ಕದಿಂದ ತೆಳ್ಳನೆಯದು ಸೋರಿ ಚಡ್ಡಿಗೆ ಅಂಟುತ್ತದೆ. ಅಮ್ಮ ಅದನ್ನು ಭೇದಿ ಎಂದುಕೊಂಡು ಮೊಸರನ್ನ ತಿನ್ನಿಸುತ್ತಾರೆ. ಟೀಚರು ಸೋಮಾರಿತನ ಎಂದು ಗದರುತ್ತಾರೆ. ಸೋರಿದ್ದು ಮಗುವಿಗೆ ಗೊತ್ತೇ ಆಗಿರುವುದಿಲ್ಲ ಎನ್ನುವುದು ಇಬ್ಬರಿಗೂ ಹೊಳೆಯುವುದಿಲ್ಲ. ತನಗೆ ಗೊತ್ತೇ ಇಲ್ಲದ ತಪ್ಪಿಗೆ ಏಟು ತಿಂದ ಮಗು ಚಡ್ಡಿಯನ್ನು ಮಂಚದ ಕೆಳಗೆ ಬಚ್ಚಿಡಲು ಕಲಿಯುತ್ತದೆ.

ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನೂ ಒತ್ತುತ್ತದೆ. 1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಮಕ್ಕಳ ಮೂತ್ರಪಿಂಡ ತಜ್ಞ ಶಾನ್ ಓರೀಗನ್, ಹಾಸಿಗೆ ಒದ್ದೆ ಮಾಡುವ ಮತ್ತು ಪದೇ ಪದೇ ಮೂತ್ರದ ಸೋಂಕಿಗೆ ಒಳಗಾಗುವ ಮಕ್ಕಳ ಮಲಬದ್ಧತೆಗೆ ಚಿಕಿತ್ಸೆ ಕೊಟ್ಟು, ಆ ತೊಂದರೆಗಳೂ ಹಿಮ್ಮೆಟ್ಟುವುದನ್ನು ತೋರಿಸಿದರು. ಇಂದಿಗೂ ಹಾಸಿಗೆ ಒದ್ದೆ ಮಾಡುವ ಮಗುವನ್ನು ಕರೆತಂದವರನ್ನು ‘ಎರಡಕ್ಕೆ ಸರಿಯಾಗಿ ಹೋಗುತ್ತಾ?’ ಎಂದು ಕೇಳುವುದು ಎಷ್ಟೋ ಕಡೆ ಮರೆತೇಹೋಗುತ್ತದೆ.

ಪರಿಹಾರದ ವಿಷಯ ಬಂದರೆ ಎಲ್ಲರ ಬೆರಳೂ ತಟ್ಟೆಯತ್ತ ತಿರುಗುತ್ತದೆ. ಸೊಪ್ಪು ತಿನ್ನಿಸಿ, ನೀರು ಕುಡಿಸಿ, ಪಪ್ಪಾಯಿ ಕೊಡಿ. ಒಳ್ಳೆಯದೇ. ಊಟದ ಬದಲಿಗೆ ಬಾಟಲಿಗಟ್ಟಲೆ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವ ಮಗುವಿಗಂತೂ ಹಾಲು ಕಡಿಮೆ ಮಾಡಲೇಬೇಕು. ಆದರೆ ಭಯ ಬೇರೂರಿದ ಮೇಲೆ ಪಪ್ಪಾಯಿಯೊಂದೇ ಸಾಲದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2010ರ ಮಾರ್ಗಸೂಚಿಯಲ್ಲೇ, ಆಹಾರ ಬದಲಾವಣೆಯೊಂದನ್ನೇ ಮೊದಲ ಚಿಕಿತ್ಸೆಯಾಗಿ ಬಳಸಬೇಡಿ ಎಂದಿತ್ತು. ಅದು ಸೂಚಿಸಿದ್ದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು. ನಮ್ಮ ಔಷಧ ಅಂಗಡಿಗಳಲ್ಲೂ ಅದು ಸಿಗುತ್ತದೆ. ಕರುಳನ್ನು ಕೆರಳಿಸದೆ, ಮಲದಲ್ಲೇ ನೀರನ್ನು ಹಿಡಿದಿಟ್ಟು ಮೆತ್ತಗೆ ಮಾಡುತ್ತದೆ.

ಮೊದಲು ವೈದ್ಯರು ಹೇಳಿದ ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಕೊಟ್ಟು ಕಟ್ಟಿಕೊಂಡದ್ದನ್ನು ತೆರವು ಮಾಡಬೇಕು; ಬಳಿಕ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಮುಂದುವರಿಸಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ 2014ರ ಜಂಟಿ ಮಾರ್ಗಸೂಚಿ ಹೇಳುವುದು ಕನಿಷ್ಠ ಎರಡು ತಿಂಗಳು. ನಮ್ಮಲ್ಲಿ ಸೋಲುವುದು ಇಲ್ಲಿಯೇ. ನಾಲ್ಕು ದಿನ ಸಲೀಸಾಗಿ ಹೋದ ಕೂಡಲೇ ‘ಅಭ್ಯಾಸ ಆಗಿಬಿಡುತ್ತೆ’ ಎಂದು ಪುಡಿ ನಿಲ್ಲುತ್ತದೆ. ಹಿಗ್ಗಿದ ಕರುಳು ಇನ್ನೂ ಮೊದಲಿನಂತಾಗಿರುವುದಿಲ್ಲ, ನೋವಿನ ನೆನಪೂ ಹೋಗಿರುವುದಿಲ್ಲ. ಮತ್ತೆ ಸೋಫಾದ ಹಿಂದೆ.

ಇನ್ನು ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆ ತೊಟ್ಟು, ಸೋಪಿನ ಚೂರು. ಅಜ್ಜಿಯರ ಕಾಳಜಿ ದೊಡ್ಡದು, ಒಪ್ಪೋಣ. ಆದರೆ ಯಾವ ಜಾಗವನ್ನು ಯಾರೂ ಮುಟ್ಟಬಾರದೆಂದು ಮಗು ಹೆದರಿ ಕಾಯುತ್ತಿದೆಯೋ, ಕೈಕಾಲು ಹಿಡಿದುಕೊಂಡು ಅಲ್ಲಿಗೇ ಏನನ್ನೋ ತೂರಿಸಿದರೆ ಅಂದಿನ ಮಲ ಬರಬಹುದು, ಭಯ ಮಾತ್ರ ದುಪ್ಪಟ್ಟಾಗುತ್ತದೆ. ಆಸ್ಪತ್ರೆಯ ಎನಿಮಾವನ್ನೂ ಬಾಯಿಯಿಂದ ಕೊಡುವ ಔಷಧ ಸೋತ ಮೇಲೆಯೇ ಯೋಚಿಸಬೇಕು ಎನ್ನುತ್ತದೆ ನೈಸ್. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ಹೊಟ್ಟೆ ಉಬ್ಬಿ ವಾಂತಿ ಮಾಡುವ ಮಗು, ತೂಕ ಏರದ ಮಗು ಇವರ ಕಥೆ ಬೇರೆ. ಅವರಿಗೆ ತಜ್ಞರ ತಪಾಸಣೆ ತಡವಾಗಬಾರದು.

ಔಷಧದ ಜೊತೆಗೆ ಬೇಕಾದದ್ದು ತಾಳ್ಮೆ ಮತ್ತು ಒಂದು ಪುಟ್ಟ ಸ್ಟೂಲು. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚುರುಕಾಗುತ್ತದೆ. ಆಗ ಐದರಿಂದ ಹತ್ತು ನಿಮಿಷ ಕೂರಿಸಬೇಕು, ಬಂದರೂ ಬಾರದಿದ್ದರೂ ಬೈಯದೆ. ಅಪಾರ್ಟ್‌ಮೆಂಟಿನ ಕಮೋಡ್ ಮೇಲೆ ಕಾಲು ಜೋತುಬಿದ್ದ ಮಗುವಿಗೆ ಮೈ ಸಡಿಲಿಸಲು ಆಗುವುದಿಲ್ಲ; ಪಾದ ಊರಲು ಸ್ಟೂಲು ಕೊಟ್ಟು ಮಂಡಿ ಎತ್ತರಿಸಿದರೆ ಅರ್ಧ ಕುಕ್ಕರಗಾಲು ಕೂತಂತಾಗುತ್ತದೆ. ಡೈಪರ್ ಕಟ್ಟಿದರೆ ಮಾತ್ರ ಮಾಡುತ್ತೇನೆ ಎನ್ನುವ ಮಗುವಿಗೆ ಕೆಲವು ದಿನ ಡೈಪರ್ ಕಟ್ಟಿದರೆ ಪ್ರಳಯವೇನೂ ಆಗದು. ತಡೆಯುವುದಕ್ಕಿಂತ ಡೈಪರ್‌ನಲ್ಲಿ ಮಾಡುವುದೇ ಮೇಲು.

ಮನೆಯಲ್ಲಿ ಇಷ್ಟೆಲ್ಲ ಮಾಡಿಯೂ ಮಗು ಶಾಲೆಗೆ ಸೇರಿದಾಗ ತಡೆಯುವುದು ಮರುಕಳಿಸಬಹುದು. 2022ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಬಳಸಲು ಯೋಗ್ಯವಾದ ಶೌಚಾಲಯ ಇದ್ದದ್ದು ಶೇ 76.4ರಷ್ಟು ಕಡೆ. ಉಳಿದೆಡೆ ಶೌಚಾಲಯವೇ ಇಲ್ಲ, ಇಲ್ಲವೇ ಕಟ್ಟಡವಿದ್ದರೂ ಒಳಗೆ ಹೋಗುವಂತಿಲ್ಲ. ಕೈತುಂಬ ಫೀಸು ಪಡೆಯುವ ಶಾಲೆಗಳಲ್ಲೂ ‘ಪೀರಿಯಡ್ ಮುಗಿಯೋವರೆಗೂ ತಡ್ಕೊ’ ಎಂಬ ಮಾತು ಕೇಳದೆ ಇಲ್ಲ. ಹಾಗೆಂದರೆ ತಡೆಯುವುದನ್ನು ಶಾಲೆಯೇ ಕಲಿಸಿದಂತಾಯಿತು.

ಕೇರಳದಿಂದ ಬಂದ ‘ವಾಟರ್ ಬೆಲ್’ ಅನ್ನು 2019ರಲ್ಲಿ ಕರ್ನಾಟಕವೂ ಮೆಚ್ಚಿ ಅಪ್ಪಿಕೊಂಡಿತು. ನೀರು ಕುಡಿಯಲು ಗಂಟೆ ಬಾರಿಸಲು ಒಪ್ಪಿದ ವ್ಯವಸ್ಥೆಗೆ, ಚಿಕ್ಕ ತರಗತಿಗಳಿಗೆ ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಶೌಚಕ್ಕೆಂದೇ ಬಿಡುವುದು ಹೊರೆಯಲ್ಲ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಬಕೆಟ್‌ನಲ್ಲಿ ನೀರು, ಅಂಗನವಾಡಿ ಮತ್ತು ಎಲ್‌ಕೆಜಿ ಮಕ್ಕಳನ್ನು ಮುಖ ಸಿಂಡರಿಸದೆ ತೊಳೆಸುವ ಒಬ್ಬ ಸಹಾಯಕಿ, ಕೇಳಿದ ತಕ್ಷಣ ಕಳುಹಿಸಬೇಕೆಂಬ ಒಂದು ಸುತ್ತೋಲೆ. ಪೋಷಕರ ಸಭೆಯಲ್ಲಿ ಅಂಕಗಳ ಮಾತು ಶುರುವಾಗುವ ಮೊದಲೇ ಇವುಗಳ ಬಗ್ಗೆ ಕೇಳಬಹುದು.