ಮುನ್ನುಡಿಗಾಗಿ ಯಾರ ಜಗಲಿಯ ಕೆಳಗೂ ನಿಲ್ಲಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ಅಡಿಕೆ ತೋಟದ ಕೂಲಿ ಕೇಳಲು ಹೋದರೆ ನಮ್ಮ ಅಪ್ಪ ಒಡೆಯರ ಜಗಲಿಯ ಕೆಳಗೆ, ಅಂಗಳದಲ್ಲಿ ನಿಲ್ಲುತ್ತಿದ್ದ. ಕೂಲಿ ಮೇಲಿಂದ ಬೀಳುತ್ತಿತ್ತು. ನಾವು ಹಾಗೆ ನಿಲ್ಲಬಾರದು ಅಂತಲೇ ನಮ್ಮನ್ನು ಹಾಸ್ಟೆಲಿಗೆ ಸೇರಿಸಿದ. ಈಗ ನಾವು ಮಾಡ್ತಾ ಇರೋದೇನು? ಕವಿತೆಯ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು, "ಸರ್, ಎರಡು ಮಾತು ಮುನ್ನುಡಿ ಬರೆದುಕೊಡಿ" ಅಂತ ಇನ್ನೊಂದು ಜಗಲಿಯ ಕೆಳಗೆ ನಿಂತಿದ್ದೇವೆ. ಜಗಲಿ ಬದಲಾಯಿತು, ನಾವು ನಿಲ್ಲುವ ಜಾಗ ಬದಲಾಗಲಿಲ್ಲ!

ನನ್ನದೇ ಕಥೆ ಕೇಳಿ. ಒಬ್ಬ ಪ್ರಕಾಶಕ ನನ್ನ ಕವಿತೆ ಓದಿ "ನಿಮ್ಮಲ್ಲಿ ಕಿಚ್ಚಿದೆ" ಅಂದ. ಹಿಂದೆಯೇ "ಅಚ್ಚಿನ ಖರ್ಚು ನೀವೇ ಕೊಡಬೇಕು" ಅಂದ. ಅವ್ವ ರಾತ್ರಿಯೆಲ್ಲ ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಕೊಟ್ಟೆ. ಕರಾರುಪತ್ರ ಇಲ್ಲ, ರಸೀದಿ ಇಲ್ಲ. ಮಾತಾಗಿದ್ದು ಐನೂರು ಪ್ರತಿ, ಬಂದದ್ದು ಇನ್ನೂರು. ಪುಟ ಪುಟಕ್ಕೂ ಅಕ್ಷರದೋಷ. ಬಿಡುಗಡೆಯ ದಿನ ಶಾಲು, ಹಾರ, ಫೋಟೋ. ಮರುದಿನದಿಂದ ಪುಸ್ತಕ ಮಂಚದ ಕೆಳಗೆ. ಅದನ್ನು ಪೂರ್ತಿ ಓದಿ ಮುಗಿಸಿದ್ದು ಗೆದ್ದಲು! ಅವ್ವನ ಬೆರಳಿಗೆ ಹತ್ತಿದ ಅಡಿಕೆಯ ಕರೆ ಮಾತ್ರ ಇನ್ನೂ ಹೋಗಿಲ್ಲ.

ಅಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬಾಗಿಲು ಹಾಕಿದವರ ಎದುರು ನಮ್ಮ ಹಿರಿಯರು ಏನು ಮಾಡಿದರು, ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣ ಓದಿ ಹೆದರಿತು. ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಂದು ಅಲ್ಪವಿರಾಮ ಬದಲಿಸಲೂ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಬಾಬಾಸಾಹೇಬರು ಸುಮ್ಮನೆ ಕೂತರೇ? ತಮ್ಮ ಖರ್ಚಿನಲ್ಲೇ ಅದನ್ನು ಪುಸ್ತಕವಾಗಿ ತಂದರು. ಅದೇ 'ಜಾತಿ ವಿನಾಶ'. 1500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. ಅದಕ್ಕೆ ಯಾವ ಪಂಡಿತನ ಮುನ್ನುಡಿ ಇತ್ತು?

ಕರ್ನಾಟಕಕ್ಕೆ ಬನ್ನಿ. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರೆ ಇಲ್ಲ ಎಂದರು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಎದ್ದು ನಿಂತಿತು. ಪರಿಷತ್ತು ಹುಟ್ಟಿದ್ದು 1915ರಲ್ಲಿ. ಸಿದ್ಧಲಿಂಗಯ್ಯ ಶ್ರವಣಬೆಳಗೊಳದಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತದ್ದು 2015ರಲ್ಲಿ. ನೂರು ವರ್ಷ! ಕರೆ ಬರಲಿ ಅಂತ ಕಾದಿದ್ದರೆ 1975ರಲ್ಲಿ 'ಹೊಲೆಮಾದಿಗರ ಹಾಡು' ಬರುತ್ತಿತ್ತೇ? ಆ ಬಂಡಾಯದ ನೆಲದಲ್ಲೇ ಬೆಳೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು.

"ಅವರೆಲ್ಲ ದೊಡ್ಡ ಊರಿನವರು, ನಮ್ಮ ಕಾಡಿನ ಮೂಲೆಯಲ್ಲಿ ಏನಾಗ್ತದೆ ಮಾರಾಯಾ" ಅಂತೀರಿ. ಸಿದ್ದಾಪುರದಿಂದ ಸಾಗರದ ದಾರಿ ಹಿಡಿಯಿರಿ. ಹೆಗ್ಗೋಡು ಎಂಬ ಹಳ್ಳಿಯಿಂದಲೇ ಅಕ್ಷರ ಪ್ರಕಾಶನ ನಾಡಿಗೆಲ್ಲ ಪುಸ್ತಕ ಕೊಟ್ಟಿದೆ. ಘಟ್ಟ ಇಳಿಯಿರಿ. ಅಂಕೋಲೆಯ ಅಂಬಾರಕೊಡ್ಲದಲ್ಲಿ ಕೂತು ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ಕಟ್ಟಿದರು. ಹಳ್ಳಿಯಿಂದ ಪುಸ್ತಕ ಬರ್ತದೆ ಅನ್ನುವುದು ಸಾಬೀತಾಗಿದೆ. ಕೇರಿಯಿಂದ ಯಾಕೆ ಬರಬಾರದು?

ಹಾಗಾದರೆ ಮಾಡಬೇಕಾದ್ದೇನು?

ಮೊದಲು, ಬರೆದದ್ದನ್ನು ಭಾನುವಾರ ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಓದಿ. ರಜೆಯಲ್ಲಿ ಊರಿಗೆ ಹೋದಾಗ ಓದು ಬಾರದ ಅವ್ವನ ಎದುರು ಓದಿ. ಅವಳು ಆಕಳಿಸಿದರೆ ಹರಿದುಹಾಕಿ. ಕೇರಿಯ ಮಾತನ್ನು ತಿದ್ದಬೇಡಿ, ಕಾಗುಣಿತವನ್ನು ತಿದ್ದಿ. ಕರಡನ್ನು ಮೂರು ಸಲ, ಮೂರು ಜನ ನೋಡಿ. ನಕ್ಕು ಬಿಸಾಡಲು ಕಾದವರ ಕೈಗೆ ನಾವೇ ನೆಪ ಕೊಡಬಾರದು.

ಎರಡನೆಯದು, ಒಬ್ಬರೇ ಸಾಲ ಮಾಡಬೇಡಿ. ಹತ್ತು ಜನ ಸೇರಿ ಮೂವತ್ತೆರಡು ಪುಟದ ಸಣ್ಣ ಪುಸ್ತಕ ತನ್ನಿ. ಮೂರು ಪ್ರೆಸ್ಸಿನಲ್ಲಿ ದರ ಕೇಳಿ. ಖರ್ಚಿನ ಲೆಕ್ಕವನ್ನು ಕೊನೆಯ ಪುಟದಲ್ಲೇ ಅಚ್ಚು ಹಾಕಿ.

ಮೂರನೆಯದು, ಕಾನೂನು ತಿಳಿಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರಹದ ಹಕ್ಕು ಬಾಯಿಮಾತಿನಲ್ಲಿ ಕೈಬದಲಾಗುವುದಿಲ್ಲ, ಬರೆದು ಸಹಿ ಹಾಕಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ಆದ್ದರಿಂದ ಓದದೆ ಸಹಿ ಮಾಡಬೇಡಿ. ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಅದಕ್ಕೆ ದುಡ್ಡು ಕೇಳುವವರಿಗೆ ಕೈ ಮುಗಿದು ಎದ್ದು ಬನ್ನಿ.

ನಾಲ್ಕನೆಯದು, ಹಕ್ಕಿನದ್ದನ್ನು ಬಿಡಬೇಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಪ್ರಕಟಣೆ ಬಂದಾಗ ಅರ್ಜಿ ಹಾಕಿ. 1965ರ ಕಾಯ್ದೆಯಂತೆ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಅದು ಜನರ ದುಡ್ಡು. ಗ್ರಂಥಾಲಯದ ಕಪಾಟಿನಲ್ಲಿ ನಮ್ಮ ಪುಸ್ತಕ ಯಾಕಿಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅದು ಭಿಕ್ಷೆ ಅಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ.

ಕೊನೆಯದು, ಪ್ರಚಾರ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ರಶಸ್ತಿ ಪ್ರಚಾರವಲ್ಲ, ಶಾಲಿನ ವ್ಯಾಪಾರ. ಪುಸ್ತಕವನ್ನು ಚೀಲಕ್ಕೆ ಹಾಕಿ ಹೊರಡಿ. ಏಪ್ರಿಲ್ 14ರ ಸಭೆ, ಡಿಸೆಂಬರ್ 6ರ ಸಭೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಜಾತ್ರೆ, ಇವೇ ನಮ್ಮ ಅಂಗಡಿ. ನೆಂಟರಿಗೂ ಪುಕ್ಕಟೆ ಕೊಡಬೇಡಿ. 2022ರಲ್ಲಿ ದೇವನೂರ ಮಹಾದೇವ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಬರೆದಾಗ ಒಬ್ಬನೇ ಪ್ರಕಾಶಕನ ಕೈಗೆ ಕೊಡಲಿಲ್ಲ. ಹಲವು ಸಣ್ಣ ಪ್ರಕಾಶಕರು ಅಚ್ಚು ಹಾಕಿದರು, ಬೆಲೆ 40 ರೂಪಾಯಿ. ಜನ ಕೈಯಿಂದ ಕೈಗೆ ದಾಟಿಸಿದರು.

ಸೊಪ್ಪಿನಬೆಟ್ಟದ ಚೆಲುವನ್ನು ಹೊಗಳಿ ಬರೆದವರು ಬೇಕಾದಷ್ಟಿದ್ದಾರೆ. ಸೊಪ್ಪಿನ ಹೊರೆ ಹೊತ್ತ ಕುತ್ತಿಗೆಯ ಮಾತು ಎಲ್ಲಿದೆ? ಮುಕ್ರಿ, ಹಳ್ಳೇರ, ಸಿದ್ದಿ ಜನರ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರಿದ್ದಾರೆ. ತಂಗೀ, ನಿನ್ನ ಮನೆಯ ಕಥೆಯನ್ನು ನೀನು ಬರೆಯದಿದ್ದರೆ ಅದು ಇನ್ನೊಬ್ಬರ ನೌಕರಿಗೆ ಮೆಟ್ಟಿಲಾಗ್ತದೆ, ಅಷ್ಟೇ.

ನಾವು ಇನ್ನೊಂದು ಜಗಲಿ ಕಟ್ಟುವುದು ಬೇಡ. ನಾಳೆ ನಮ್ಮ ಮುಂದೆಯೂ ಒಬ್ಬ ಹುಡುಗ ಮುನ್ನುಡಿಗಾಗಿ ಕೈಕಟ್ಟಿ ನಿಲ್ಲುವಂತಾಗಬಾರದು. ಅಂಗಳದಲ್ಲಿ ಚಾಪೆ ಹಾಸೋಣ. ಬರೆದವರೂ ಓದುವವರೂ ಒಂದೇ ಸಮನಾಗಿ ಕೂರೋಣ.

ಜೈ ಭೀಮ್!