ಬೆರಳು ಬಿಳಿಚಿದರೆ ಟಾನಿಕ್ ಸಾಲದು

ನಾಗಸಂದ್ರದಿಂದ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಡಿಸೆಂಬರ್ ಚಳಿಗೆ ಬೆರಳ ತುದಿ ಸುಣ್ಣ ಬಳಿದಂತೆ ಬಿಳಿಚಿ, ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪಾಗಿ ಜುಮುಗುಟ್ಟಿದರೆ ‘ರಕ್ತ ಕಡಿಮೆ’ ಎಂದು ತಳ್ಳಿಹಾಕಬಾರದು. ನಮ್ಮಲ್ಲಿ ಎಲ್ಲದಕ್ಕೂ ಟಾನಿಕ್ಕೇ ಮದ್ದು! 1862ರಲ್ಲಿ ಫ್ರಾನ್ಸಿನ ವೈದ್ಯ ಮಾರಿಸ್ ರೇನೋ ವಿವರಿಸಿದ ತೊಂದರೆಯಿದು: ಚಳಿಗೋ ಆತಂಕಕ್ಕೋ ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬಹುತೇಕರಿಗೆ ಅಪಾಯವಿಲ್ಲ. ಆದರೆ ಲೂಪಸ್ ಎಂಬ, ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರನ್ನು ಇದು ಕಾಡುತ್ತದೆ. ಕೆಲವರಿಗೆ ಬೆರಳ ತುದಿ ಹುಣ್ಣಾಗುವುದೂ ಉಂಟು. ಕೀಲುನೋವು, ಕೆನ್ನೆಯಲ್ಲಿ ಕೆಂಪು ದದ್ದು ಜೊತೆಗಿದ್ದರೆ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಲೇಬೇಕು. ಬೀಡಿ, ಸಿಗರೇಟು, ಕೈಯಲ್ಲಿ ಅದುರುವ ಗ್ರೈಂಡರ್ ಇದನ್ನು ಹೆಚ್ಚಿಸುತ್ತವೆ. ಇಂಥವರಿಗೆ ಬೆಚ್ಚನೆಯ ಕೈಗವಸು, ಬೇರೆ ಕೆಲಸ ಕೊಡಲು ಮಾಲೀಕರು ಹಿಂದೆಮುಂದೆ ನೋಡಬಾರದು.