ಕೊಳವೆಗೆ ತಕ್ಕ ತೂತು

ಮಕ್ಕಳೇ, ನಿಮ್ಮ ಮನೆಯಲ್ಲಿ ಕಡೆಗೋಲು ಇದೆಯೇ? ಈಗ ಬಹಳ ಮನೆಗಳಲ್ಲಿ ಮಜ್ಜಿಗೆ ಮಾಡುವುದು ಮಿಕ್ಸಿಯೇ. ಆದರೂ ಅಜ್ಜಿಯನ್ನು ಕೇಳಿ ನೋಡಿ, ಅಟ್ಟದ ಮೇಲೆ ಒಂದು ಸಿಕ್ಕರೂ ಸಿಕ್ಕೀತು. ನಮ್ಮ ಮನೆಯಲ್ಲಿ ಒಂದಿತ್ತು. ನನ್ನ ಅಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು, ಹಲಸಿನ ಮರದ್ದು. ಬೆಳಗಿನ ಜಾವ ಅದರ ಸದ್ದಿಗೇ ನಮಗೆಲ್ಲ ಎಚ್ಚರವಾಗುತ್ತಿತ್ತು. ಈ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ನನ್ನ ಕೈಯಿಂದಲೇ ಜಾರಿ ಬಿತ್ತು. ತಲೆ ಒಡೆಯಿತು, ಕೋಲು ಮುಕ್ಕಾಲು ಭಾಗ ಸೀಳಿಹೋಯಿತು.

ಮೊದಲ ವರ್ಷದ ಪಿಯುಸಿ ಮುಗಿಸಿ ರಜೆಗೆ ಬಂದಿದ್ದ ಮೊಮ್ಮಗಳು ಅದನ್ನು ಎತ್ತಿಕೊಂಡಳು. “ತಾತ, ಇದನ್ನ ಬಿಸಾಕ್ಬೇಡಿ. ಇದರಲ್ಲಿ ನಂಗೊಂದು ಪೆನ್ ಮಾಡ್ಕೊಡಿ. ಭಾನುವಾರ ಹಾಸ್ಟೆಲ್‌ಗೆ ಹೋಗೋವಾಗ ತಗೊಂಡು ಹೋಗ್ತೀನಿ” ಅಂದಳು.

ನಿವೃತ್ತಿಯಾದ ಮೇಲೆ ಹಿತ್ತಲ ವರಾಂಡದಲ್ಲಿ ಒಂದು ಪುಟ್ಟ ಲೇತ್ ಇಟ್ಟುಕೊಂಡು ಮರದ ಪೆನ್ನು ಕಡೆಯುವುದು ನನ್ನ ಹವ್ಯಾಸ. ನಮ್ಮ ಕನ್ನಡದ ಸೊಗಸು ನೋಡಿ: ಮೊಸರನ್ನು ಕಡೆಯುವುದಕ್ಕೂ ಮರವನ್ನು ತಿರುಗಿಸಿ ಕಡೆಯುವುದಕ್ಕೂ ಒಂದೇ ಮಾತು. ಚನ್ನಪಟ್ಟಣದವರು ಹಾಲೆ ಮರದ ಬೊಂಬೆ ಕಡೆಯುವುದೂ ಹೀಗೆಯೇ. ಮರ ಗರಗರ ತಿರುಗುತ್ತಿರುತ್ತದೆ, ಉಳಿ ಹಿಡಿದ ಕೈ ಅಲ್ಲಾಡದೆ ನಿಂತಿರುತ್ತದೆ.

ಅಳೆದು ನೋಡಿದರೆ ಸೀಳಿಲ್ಲದ ನೆಟ್ಟಗಿನ ಭಾಗ ಸಿಕ್ಕಿದ್ದು ಆರು ಇಂಚು ಮಾತ್ರ. ಒಂದು ಪೆನ್ನಿಗೆ ಸಾಕು. ಕೆಟ್ಟರೆ ಇನ್ನೊಂದು ಇಲ್ಲ. ಅಂಗಡಿಗೆ ಹೋಗಿ ಅಮ್ಮನ ಕಡೆಗೋಲನ್ನು ಕೊಂಡು ತರಲಾದೀತೇ?

ಮರದ ಪೆನ್ನು ಹೇಗಾಗುತ್ತದೆ ಎಂದು ಮೊದಲು ಹೇಳುತ್ತೇನೆ. ಪೆನ್ನಿನ ಒಳಗಿನ ಸಾಮಾನೆಲ್ಲ ಒಂದು ಕಿಟ್ ಆಗಿ ಬರುತ್ತದೆ. ರೀಫಿಲ್, ಕ್ಲಿಪ್, ಮುಂದಿನ ಮೂತಿ, ಜೊತೆಗೆ ಹಿತ್ತಾಳೆಯ ತೆಳು ಕೊಳವೆಗಳು. ನಾನು ಬಳಸುವ ಸ್ಲಿಮ್‌ಲೈನ್ ಎಂಬ ಬಗೆಯಲ್ಲಿ ಸುಮಾರು ಎರಡೆರಡು ಇಂಚಿನ ಎರಡು ಕೊಳವೆಗಳಿರುತ್ತವೆ. ಮರದ ತುಂಡಿನ ನಡುವೆ ಉದ್ದಕ್ಕೆ ತೂತು ಕೊರೆದು, ಈ ಕೊಳವೆಯನ್ನು ಅಂಟು ಹಾಕಿ ಕೂರಿಸಬೇಕು. ಅಂಟು ಒಣಗಿದ ಮೇಲೆ ಲೇತ್‌ಗೆ ಏರಿಸಿ ಹೊರಮೈ ಕಡೆಯಬೇಕು. ಕೊನೆಗೆ ಮರ ಉಳಿಯುವುದು ಕೊಳವೆಯ ಸುತ್ತ ತೆಳ್ಳನೆಯ ಸಿಪ್ಪೆಯಷ್ಟೇ. ಆದ್ದರಿಂದ ಒಳಗಿನ ತೂತು ಸರಿಯಿಲ್ಲದಿದ್ದರೆ ಹೊರಗೆ ಎಷ್ಟು ಚಂದ ಕಡೆದರೂ ಪ್ರಯೋಜನವಿಲ್ಲ.

ಈ ಪಾಠ ನನಗೆ ಬಿಟ್ಟಿ ಸಿಕ್ಕಿದ್ದಲ್ಲ. ಹಿಂದೊಮ್ಮೆ ಒಳ್ಳೆಯ ಬೀಟೆ ತುಂಡೊಂದಕ್ಕೆ, ನಂಬರು ಅಳಿಸಿಹೋದ ಡ್ರಿಲ್ ಬಿಟ್ಟನ್ನು ‘ಏಳು ಮಿಲಿಮೀಟರೇ ಇರಬೇಕು’ ಎಂದು ಹಾಕಿ ಕೊರೆದೆ. ಅದು ಏಳೂವರೆಯದು. ಕೊಳವೆ ಒಳಗೆ ಲೊಡಲೊಡ ಅನ್ನುತ್ತಿತ್ತು. ಅಂಟು ಜಾಸ್ತಿ ಸುರಿದರಾಯಿತು ಎಂದುಕೊಂಡೆ. ಅಂಟು ಒಂದೇ ಕಡೆ ಸೇರಿಕೊಂಡು ಇನ್ನೊಂದು ಕಡೆ ಪೊಳ್ಳಾಯಿತು. ಲೇತ್ ಮೇಲೆ ಉಳಿ ತಾಗಿಸಿದ ಕೂಡಲೇ ಮರ ಚೂರುಚೂರಾಗಿ ಹಾರಿತು. ಕನ್ನಡಕ ಹಾಕಿದ್ದೆನಾದ್ದರಿಂದ ಕಣ್ಣು ಉಳಿಯಿತು. ಬುದ್ಧಿ ಬಂತು ಎಂದು ಮುಂದಿನ ಸಲ ಆರೂವರೆಯ ಬಿಟ್ ಹಾಕಿದೆ. ಕೊಳವೆ ಹೋಗಲೊಲ್ಲದು. ಸುತ್ತಿಗೆಯಿಂದ ತಟ್ಟಿದೆ. ಮರ ಟಪ್ಪೆಂದು ಸೀಳಿತು.

ಹಾಗಾದರೆ ಎಷ್ಟು ಸರಿ? ಕೊಳವೆಯ ಹೊರಗಿನ ಅಳತೆಗಿಂತ ತೂತು ಕೂದಲೆಳೆಯಷ್ಟು ದೊಡ್ಡದಿರಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚೆಂದರೆ ಎರಡು. ಅಂಟು ನಿಲ್ಲಲು ಅಷ್ಟು ಜಾಗ ಬೇಕು. ಅದಕ್ಕಿಂತ ಬಿಗಿಯಾದರೆ ಕೊಳವೆ ಒಳಗೆ ಹೋಗುವಾಗ ಅಂಟನ್ನೆಲ್ಲ ಬಳಿದು ಹೊರಗೆ ತಳ್ಳಿಬಿಡುತ್ತದೆ.

ಕಿಟ್‌ನ ಚೀಟಿಯಲ್ಲಿ ‘7 ಮಿ.ಮೀ.’ ಎಂದಿತ್ತು. ನಾನು ಬಿಟ್ ತೆಗೆದುಕೊಂಡು ಎದ್ದೆ. ಮೊಮ್ಮಗಳು ತಡೆದಳು. “ತಾತ, ಅಳೀದೇನೇ ಕೊರೀತೀರಾ?” ಎಂದು ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಂಡಳು. ಮೊದಲು ದವಡೆ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡಿದಳು. ಕೂಡದಿದ್ದರೆ ಆ ತಪ್ಪು ಪ್ರತಿ ಅಳತೆಯಲ್ಲೂ ಬರುತ್ತದಂತೆ. ಅವಳ ಲ್ಯಾಬಿನಲ್ಲಿ ಕಲಿಸಿದ್ದು. ಕೊಳವೆ 6.95 ಬಂತು. ಬಿಟ್ಟನ್ನೂ ಅಳೆದಳು. ಅದನ್ನು ಅಳೆಯಬೇಕಾದ್ದು ಯಂತ್ರ ಹಿಡಿಯುವ ಬುಡದಲ್ಲಲ್ಲ, ಕೊರೆಯುವ ತುದಿಯಲ್ಲಿ, ಎದುರುಬದುರು ಅಂಚುಗಳ ನಡುವೆ. 7.00 ಇತ್ತು.

“ಬರೀ 0.05 ಜಾಗ ತಾತ. ಸಾಕಾ?”

ನಿಜವಾದ ಉತ್ತರ ಹೇಳುವುದು ಮರವೇ. ಒಂದೇ ಬಿಟ್ ಮೆತ್ತನೆ ಮರದಲ್ಲಿ ಒಂದು ತರಹದ ತೂತು ಮಾಡಿದರೆ ಗಟ್ಟಿ ಮರದಲ್ಲಿ ಇನ್ನೊಂದು ತರಹ. ಬಿಟ್ ತುಸು ಅಲ್ಲಾಡಿದರೂ ತೂತು ಹಿಗ್ಗುತ್ತದೆ. ಆದ್ದರಿಂದ ಅದೇ ಮರದ ಬೇಡದ ಚೂರಿನಲ್ಲಿ ಕೊರೆದು ನೋಡಬೇಕು. ಕಡೆಗೋಲಿನ ಸೀಳಿದ ಭಾಗದಲ್ಲಿ ಅಷ್ಟಿಷ್ಟು ಗಟ್ಟಿಯಿದ್ದ ಕಡೆ ಒಂದು ಚೂರು ಕತ್ತರಿಸಿ ಏಳರ ಬಿಟ್ ಹಾಕಿದೆವು. ಹಳೆಯ ಹಲಸು, ಒಣಗಿ ಕಲ್ಲಾಗಿತ್ತು. ಕೊಳವೆ ಅರ್ಧಕ್ಕೆ ನಿಂತಿತು. ಏಳೂವರೆ ಹಾಕಿದರೆ ಮತ್ತೆ ಅದೇ ಲೊಡಲೊಡ.

ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧರ್ಧ ಮಿಲಿಮೀಟರಿನ ಲೆಕ್ಕದಲ್ಲೇ ಬಿಟ್ ಇರುವುದು. ಕಾರ್ಖಾನೆಗಳಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ 7.1, 7.2 ಹೀಗೆ ಹತ್ತನೇ ಭಾಗದ ಲೆಕ್ಕದಲ್ಲೂ ಸಿಗುತ್ತವೆ. ಶುಕ್ರವಾರ ಬಸ್ ಹಿಡಿದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ 7.1ರ ಬಿಟ್ ತಂದೆವು. ಚೂರಿನಲ್ಲಿ ಕೊರೆದು ನೋಡಿದರೆ ಕೊಳವೆ ಒಂದೇ ಬೆರಳಿನ ಒತ್ತಿಗೆ ಸಲೀಸಾಗಿ ಇಳಿಯಿತು, ಅಲ್ಲಾಡಲಿಲ್ಲ. ಇದೇ ಪರೀಕ್ಷೆ: ಬೆರಳಿಗೆ ಇಳಿಯಬೇಕು, ಸುತ್ತಿಗೆ ಕೇಳಬಾರದು, ಲೊಡಲೊಡ ಅನ್ನಬಾರದು.

ಅಮೆರಿಕದ ಲೆಕ್ಕದ ಕಿಟ್‌ಗಳಲ್ಲಿ ಅಳತೆ ಇಂಚಿನ ಭಿನ್ನರಾಶಿಯಲ್ಲಿರುತ್ತದೆ. 27/64 ಇಂಚು ಎಂದಿದ್ದರೆ 27ನ್ನು 64ರಿಂದ ಭಾಗಿಸಿ 25.4ರಿಂದ ಗುಣಿಸಿ. ಸುಮಾರು 10.72 ಮಿ.ಮೀ. ಬರುತ್ತದೆ. ಹತ್ತೂವರೆಯ ಬಿಟ್ ಹತ್ತಿರವಿದೆ ಎಂದು ಹಾಕಿದರೆ ಕೊಳವೆ ಇಳಿಯುವುದಿಲ್ಲ. ಅಲ್ಲಿ ಕೆಲವು ಬಿಟ್‌ಗಳಿಗೆ ಅಂಕಿಯ ಬದಲು ಇಂಗ್ಲಿಷ್ ಅಕ್ಷರವೇ ಹೆಸರು. ‘ಜೆ’ ಎಂದರೆ ಸುಮಾರು 7.04 ಮಿ.ಮೀ., ‘ಓ’ ಎಂದರೆ ಸುಮಾರು 8.03. ಭಿನ್ನರಾಶಿ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳು ಇದನ್ನು ಇನ್ನೊಮ್ಮೆ ಓದಿ.

ಶನಿವಾರ ಬೆಳಿಗ್ಗೆ ಅಸಲಿ ತುಂಡಿಗೆ ಕೈಹಾಕಿದೆವು. ಎರಡಾಗಿ ಕತ್ತರಿಸುವ ಮೊದಲೇ ಮೈಮೇಲೆ ಪೆನ್ಸಿಲ್ ಗೆರೆ ಎಳೆದೆವು, ಆಮೇಲೆ ಮರದ ಎಳೆಗಳು ಒಂದಕ್ಕೊಂದು ಕೂಡಲಿ ಎಂದು. ತುಂಡನ್ನು ಕೈಯಲ್ಲಿ ಹಿಡಿಯದೆ ವೈಸ್‌ನಲ್ಲಿ ಬಿಗಿದೆವು. ಸ್ವಲ್ಪ ಕೊರೆಯುವುದು, ಬಿಟ್ ಹೊರಗೆಳೆದು ಹೊಟ್ಟು ಉದುರಿಸುವುದು, ಮತ್ತೆ ಸ್ವಲ್ಪ ಕೊರೆಯುವುದು. ಒಂದೇ ಉಸಿರಿಗೆ ಕೊರೆದರೆ ಹೊಟ್ಟು ಕಚ್ಚಿಕೊಂಡು ಬಿಸಿಯೇರಿ ಮರ ಬಿರಿಯುತ್ತದೆ. ಬಿಟ್ ಆಚೆ ಬದಿಗೆ ಹೊರಬರುವಾಗ ಮರ ಕಿತ್ತುಬರದಿರಲಿ ಎಂದು ಅಡಿಗೆ ಒಂದು ಹಲಗೆ ಇಟ್ಟೆವು. ಕೊಳವೆಯ ಮೈಯನ್ನು ಉಪ್ಪು ಕಾಗದದಿಂದ ಉಜ್ಜಿ ಒರಟು ಮಾಡಿದೆವು, ಅಂಟು ಹಿಡಿಯಲಿ ಎಂದು.

ಬ್ಯಾಂಕಿನ ಲೆಡ್ಜರ್ ಕಾಲದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿಯವರೆಗೆ ಕೂತಿರುತ್ತಿದ್ದೆವು. ಜೇಬಿನಿಂದ ಹಾಕಿ ಎದ್ದು ಹೋಗೋಣ ಎಂದರೆ ಮೇಲಿನವರು ಬಿಡುತ್ತಿರಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಅಂದು ಕೊಳವೆ ಎರಡೂ ತೂತುಗಳಿಗೆ ಮೆಲ್ಲಗೆ ಇಳಿದಾಗ ಅವರ ನೆನಪಾಯಿತು.

ಸಂಜೆ ಲೇತ್ ಮೇಲೆ ಹಳದಿ ಕಂದು ಬಣ್ಣ ಹೊರಬಂತು. ಒಂದು ಕಡೆ ಕೂದಲಿನಂಥ ಕಪ್ಪು ಗೆರೆ ಕಾಣಿಸಿತು. ಬಿದ್ದಾಗ ಆದ ಸೀಳಿನ ತುದಿಯೋ, ಅಮ್ಮನ ಕಾಲದ್ದೋ ತಿಳಿಯಲಿಲ್ಲ. ಅಂಟು ತುಂಬಿ ಮುಚ್ಚಲೇ ಎಂದು ಕೇಳಿದೆ. “ಬೇಡ ತಾತ, ಇರಲಿ” ಅಂದಳು. ಭಾನುವಾರ ಪೆನ್ನು ಅವಳ ಜೊತೆ ಬಸ್ ಹತ್ತಿತು. ಮೊನ್ನೆ ಫೋನಿನಲ್ಲಿ, ರೀಫಿಲ್ ಆಗಲೇ ಮುಗಿದಿದೆ, ಇನ್ನೊಂದು ಕಳಿಸಿ ಅಂದಳು.

ಅಜ್ಜ ಅಜ್ಜಿಯರಲ್ಲಿ ಒಂದು ಮನವಿ: ಡ್ರಿಲ್ ಯಂತ್ರದ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಕಣ್ಣಿಗೆ ಕನ್ನಡಕ ಇರಲಿ, ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಜಡೆ ಬೇಡ. ಅಳೆಯುವ ಕೆಲಸವನ್ನು ಮಾತ್ರ ಧೈರ್ಯವಾಗಿ ಅವರಿಗೇ ಬಿಡಿ. ನಮಗಿಂತ ಅವರ ಕಣ್ಣು ಚುರುಕು.

ಈ ವಾರದ ಲೆಕ್ಕ: ತೂತು 7.1 ಮಿ.ಮೀ., ಕೊಳವೆ 6.95 ಮಿ.ಮೀ. ಕೊಳವೆ ಸರಿಯಾಗಿ ನಡುವೆ ಕೂತರೆ ಸುತ್ತಲೂ ಅಂಟಿನ ದಪ್ಪ ಎಷ್ಟು? ಥಟ್ಟನೆ 0.15 ಎಂದು ಬರೆಯಬೇಡಿ. ಒಂದು ಚಿತ್ರ ಬರೆದು ನೋಡಿ. ಉತ್ತರ ಮುಂದಿನ ವಾರ.